ಹಳೇ ಪಿಸಿಗೆ ಯಾವ ಮೌಸ್ ತಗೊಳ್ಳೋದು: ಪಿಎಸ್/2, ಯುಎಸ್‌ಬಿ, ಇಲ್ಲಾ ಸೀರಿಯಲ್ಲಾ?

ಮೊದ್ಲು ಸಿಪಿಯು ಹಿಂದೆ ಬಗ್ಗಿ ನೋಡಿ. ಹಸಿರು ಬಣ್ಣದ ರೌಂಡ್ ಪೋರ್ಟ್ ಇದ್ರೆ ಅದೇ ಪಿಎಸ್/2, ಐಬಿಎಂನವ್ರು 1987ರಲ್ಲಿ ತಂದಿದ್ದು, ನನ್ ಪ್ರಕಾರ ಹಳೇ ಮಷೀನ್‌ಗೆ ಇದೇ ಬೆಸ್ಟು, ಡ್ರೈವರ್ ಹಾಕಿದ್ರೆ ವಿಂಡೋಸ್‌ಗಿಂತ ಹಿಂದಿನ ಸಿಸ್ಟಮ್ ಆದ ಡಾಸ್‌ನಲ್ಲೂ ಓಡುತ್ತೆ, ಆದ್ರೆ ಆನ್ ಇರುವಾಗ ಕಿತ್ತು ಚುಚ್ಚೋಕೆ ಹೋಗ್ಬೇಡಿ, ಆಫ್ ಮಾಡೇ ಹಾಕಿ. ಯುಎಸ್‌ಬಿದು ಯಾವ ಅಂಗಡೀಲಾದ್ರೂ ಸಿಗುತ್ತೆ, ವಿಂಡೋಸ್ 98 ಇದ್ರೆ ಓಕೆ, 95 ಆದ್ರೆ ನಂಬ್ಕೋಬೇಡಿ. ಯುಎಸ್‌ಬಿ ಮೌಸ್‌ನ ಪಿಎಸ್/2ಗೆ ಹಾಕೋಕೆ ಹಸಿರು ಕನ್ವರ್ಟರ್ ಸಿಕ್ಕಿಸ್ತೀನಿ ಅಂತೀರಾ? ಎರಡೂ ಭಾಷೆ ಬರೋ ಮೌಸ್‌ಗೆ ಮಾತ್ರ ಅದು ಕೆಲ್ಸ ಮಾಡೋದು, ಈಗಿನ ಎಷ್ಟೋ ಮೌಸ್‌ಗೆ ಬರಲ್ಲ. 9 ಪಿನ್ ಸೀರಿಯಲ್ಲು ಹಳೇ 486 ಪ್ರೊಸೆಸರ್ ಕಾಲದ್ದು, ಬೇರೆ ಪೋರ್ಟೇ ಇಲ್ದಿದ್ರೆ ಅದು.

ಬಾಲ್ ಮೌಸ್ ತಗೊಂಡ್ರೆ ರೋಲರ್‌ಗೆ ಸುತ್ಕೊಂಡಿರೋ ಕೊಳೆ ಉಗುರಲ್ಲಿ ಕೆರೆಯೋ ಕೆಲ್ಸ ಫ್ರೀ, ಬಾಲ್ ಬದ್ಲು ಬೆಳಕಲ್ಲಿ ಓಡೋ ಆಪ್ಟಿಕಲ್‌ಗೆ ಆ ಗೋಳಿಲ್ಲ, ಗಾಜಿನ ಟೇಬಲ್ ಆದ್ರೆ ಮಾತ್ರ ಕೆಳಗೊಂದು ಪ್ಯಾಡ್ ಇಟ್ಕೊಳ್ಳಿ.