ತುಕ್ಕು ತೆಗೆಯುವ ದ್ರಾವಣ: ಅಜ್ಜನ ಗಾಣಕ್ಕೆ ಹಚ್ಚಿ ಮೂರು ಮಳೆಗಾಲ ಕಳೆದ ಮೇಲೆ

ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ಆಲೆಮನೆ ನಿಂತು ಬಹಳ ವರ್ಷವಾಯ್ತು. ಅಜ್ಜನ ಕಾಲದ ಮೂರು ರೋಲರಿನ ಬೀಡು ಕಬ್ಬಿಣದ (ಎರಕದ ಕಬ್ಬಿಣ) ಕಬ್ಬಿನ ಗಾಣ ಮಾತ್ರ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಗುಜರಿಯವನು ಎರಡು ಸಲ ಬಂದು ಸುತ್ತು ಹಾಕಿ ಹೋಗಿದ್ದ. ಕೊಡಲು ಮನಸ್ಸಾಗಲಿಲ್ಲ. ಬಣ್ಣ ಹೊಡೆದು ಮನೆ ಮುಂದೆ ನಿಲ್ಲಿಸೋಣ ಅಂತ ಫಾಸ್ಫಾರಿಕ್ ಆಸಿಡ್ ಇರುವ ಈ ದ್ರಾವಣದ 5 ಲೀಟರ್ ಕ್ಯಾನ್ ತಂದೆ.

"ಬಚ್ಚಲು ತೊಳೆಯೋ ಆಸಿಡ್ ಸಾಕು ಕಣಣ್ಣ, ಸುಮ್ನೆ ದುಡ್ಡು ಯಾಕೆ" ಅಂದಿದ್ದ ಪಕ್ಕದ ಮನೆ ಹುಡುಗ. ಅವನ ಮಾತು ಕೇಳಿ ಮೊದಲು ಒಂದು ಚಕ್ರಕ್ಕೆ ಅದನ್ನೇ ಹಾಕಿದೆ. ತುಕ್ಕೇನೋ ಬುಸ್ಸೆಂದು ಹೋಯ್ತು. ಆದರೆ ಆ ಹೊಗೆಗೆ ಕೊಟ್ಟಿಗೆಯಲ್ಲಿದ್ದ ಕುಡುಗೋಲು, ಸ್ಪ್ಯಾನರ್ ಎಲ್ಲಾ ಕೆಂಪಾದವು. ತೊಳೆದಿಟ್ಟ ಚಕ್ರವೂ ಮರುದಿನ ಮತ್ತೆ ಕೆಂಪು! ಮಾಡಬೇಡಿ.

ಈ ದ್ರಾವಣದಲ್ಲಿ ಅಂಥ ಹೊಗೆ ಇಲ್ಲ. ಆದರೆ ಜಿಡ್ಡಿನ ಮೇಲೆ ಇದು ಏನೂ ಕೆಲಸ ಮಾಡಲ್ಲ. ಹಳೆ ಗ್ರೀಸ್ ಹೆರೆದು, ಡೀಸೆಲ್‌ನಲ್ಲಿ ಒರೆಸಿ, ಸೋಪಿನ ಪುಡಿ ಹಾಕಿ ತೊಳೆದು ಒಣಗಿಸುವುದಕ್ಕೇ ಎರಡು ದಿನ ಹೋಯ್ತು. ಸಡಿಲ ತುಕ್ಕನ್ನು ತಂತಿ ಬ್ರಷ್‌ನಿಂದ ಉದುರಿಸಿದೆ. ಸುತ್ತಿಗೆ ಮುಟ್ಟಲಿಲ್ಲ. ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ಒಳಗೆ ಹೋಗಬಾರದು. ಹಾಗಾಗಿ ಗ್ರೈಂಡರ್ ಬಿಟ್ಟು, ಮಾಸ್ಕ್ ಹಾಕಿ, ನೀರು ಚಿಮುಕಿಸಿ ಎಮರಿ ಕಾಗದದಲ್ಲಿ ಉಜ್ಜಿದೆ.

ಆಮೇಲೆ ಕೈಗವಸು, ಕನ್ನಡಕ ಹಾಕಿಕೊಂಡು ಬ್ರಷ್‌ನಲ್ಲಿ ದ್ರಾವಣ ಬಳಿದೆ. ಅರ್ಧ ಗಂಟೆ ಒಣಗಲು ಬಿಡದೆ ಮತ್ತೆ ಮತ್ತೆ ಬಳಿಯುತ್ತಿರಬೇಕು. ತುಕ್ಕು ಕರಗಿ ಬೂದು ಬಣ್ಣದ ತೆಳು ಪದರ ಕೂರುತ್ತದೆ, ಅದು ಕಬ್ಬಿಣದ ಫಾಸ್ಫೇಟ್. ಅದರ ಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹೊಡೆಯುವ ತಳಪದರ, ಚೆನ್ನಾಗಿ ಹಿಡಿಯುತ್ತೆ. ಉಳಿದ ಆಸಿಡ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಸಿಲಲ್ಲಿ ಒಣಗಿಸಿ, ಅವತ್ತೇ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದೆ. ರಾತ್ರಿ ಬಿಟ್ಟರೆ ನಮ್ಮ ನಾಲೆ ಬದಿಯ ತೇವಕ್ಕೆ ಮತ್ತೆ ತುಕ್ಕು. ಹಿತ್ತಾಳೆ ಬುಷ್‌ಗಳಿಗೆ ಆಸಿಡ್ ತಾಗದಂತೆ ಮೊದಲೇ ಪ್ಲಾಸ್ಟಿಕ್ ಸುತ್ತಿದ್ದೆ. ರಸ ತಾಗುವ ರೋಲರ್‌ಗಳಿಗೆ ದ್ರಾವಣವೂ ಇಲ್ಲ, ಬಣ್ಣವೂ ಇಲ್ಲ. ಬರೀ ಉಜ್ಜಿ ಕೊಬ್ಬರಿ ಎಣ್ಣೆ ಸವರಿದ್ದೇನೆ. ಸಂಕ್ರಾಂತಿಗೆ ನಾಲ್ಕು ಜಲ್ಲೆ ಆಡಿಸಬೇಕು ಅಂತ ಮಗನ ಹಟ.

ಈಗ ಹೇಗಿದೆ? ಚೌಕಟ್ಟು, ಕಾಲುಗಳು ಹೊಸದರಂತಿವೆ. ಹಲ್ಲುಚಕ್ರದ ಸಂದಿಗಳಲ್ಲಿ, ಬೋಲ್ಟ್ ತೂತುಗಳ ಸುತ್ತ ಮಾತ್ರ ಎರಡನೇ ಮಳೆಗಾಲಕ್ಕೇ ಬಣ್ಣ ಗುಳ್ಳೆ ಎದ್ದಿತು. ಅಲ್ಲಿ ದ್ರಾವಣ ನಿಂತು ಅಂಟಂಟಾಗಿ ಒಣಗಿತ್ತು, ನಾನು ಸರಿಯಾಗಿ ಒರೆಸಿರಲಿಲ್ಲ. ತಪ್ಪು ನನ್ನದೇ, ಆದರೆ ಒರೆಸಬೇಕು ಅನ್ನೋದನ್ನು ಕ್ಯಾನ್ ಹಿಂದೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಬರೆದರೆ ಯಾರಿಗೆ ಕಾಣಬೇಕು? ಕನ್ನಡದಲ್ಲಿ ಒಂದು ಸಾಲೂ ಇಲ್ಲ. ಅರ್ಧ ಅಂಕ ಅದಕ್ಕೇ ಕಳೆದೆ. 5ಕ್ಕೆ ಮೂರೂವರೆ.

ಬೇಸಿಗೆಯಲ್ಲಿ ಆ ಗುಳ್ಳೆ ಎದ್ದ ಜಾಗಗಳನ್ನು ಮತ್ತೆ ಹೆರೆಯಬೇಕು. ಕ್ಯಾನ್‌ನಲ್ಲಿ ಇನ್ನೂ ಒಂದೂವರೆ ಲೀಟರ್ ಇದೆ, ಸಾಕಾಗುತ್ತೆ.