ಕೊಳದ ಕೆಲಸ ಚೆನ್ನಾಗಿತ್ತು, ವಾಲ್ವ್ ಮರೆತದ್ದು ಬಿಟ್ಟು

ದೀಪಾವಳಿ ಮುಗಿದರೆ ನಮ್ಮ ಹಿಂದವಾಡಿ ಮನೆಯ ಈಜುಕೊಳಕ್ಕೆ ಯಾರೂ ಇಳಿಯುವುದಿಲ್ಲ. ಬೆಳಗಾವಿ ಚಳಿ ಗೊತ್ತಲ್ವಾ, ಮೊಮ್ಮಕ್ಕಳು ಕಾಲು ಅದ್ದಿ ಓಡಿಹೋಗುತ್ತಾರೆ. ಹೋದ ವರ್ಷ ಹಾಗೇ ಸುಮ್ನೆ ಬಿಟ್ಟಿದ್ದೆ. ಸಂಕ್ರಾಂತಿ ಹೊತ್ತಿಗೆ ನೀರು ಪಾಲಕ್ ಸಾರಿನಂತಾಗಿತ್ತು. ಈ ಸಲ ಚಳಿಗಾಲಕ್ಕೆ ಕೊಳ ಮುಚ್ಚಿಕೊಡಲು ಊರಿನದೇ ಒಂದು ಪೂಲ್ ಸರ್ವಿಸ್‌ನವರನ್ನು ಕರೆಸಿದೆ. ಎರಡು ದಿನದ ಕೆಲಸ, ಔಷಧಿ ಸೇರಿ 4,500 ರೂಪಾಯಿ.

ನೀರು ಪೂರ್ತಿ ತೆಗೆದುಬಿಡಿ ಅಂದೆ. ಅಮೆರಿಕದವರು ನೀರು ಇಳಿಸಿ, ಪೈಪಿಗೆ ಗಾಳಿ ಊದಿ ಒಣಗಿಸುವ ವಿಡಿಯೊ ನೋಡಿದ್ದೆ. ಬಂದವರಲ್ಲಿ ಹಿರಿಯವ ನಕ್ಕ. “ಅಲ್ಲಿ ನೀರ ಹೆಪ್ಪುಗಟ್ಟಿ ಪೈಪ್ ಒಡಿತಾವ್ರಿ ಕಾಕಾ. ನಮ್ಮಲ್ಲಿ ಎಲ್ಲಿ ಬರ್ಫ ಆಗತೈತ್ರಿ? ಮಳಿಗಾಲ ಈಗ ಮುಗದೈತಿ, ನೆಲದಾಗ ಇನ್ನೂ ನೀರ ಐತಿ. ಕೊಳ ಖಾಲಿ ಮಾಡಿದ್ರ ಅದು ಕೆಳಗಿಂದ ಒತ್ತಿ ತಳಾನ ಎಬ್ಬಸತೈತಿ.” ಈ ಒಂದು ಮಾತಿಗೇ ಕೊಟ್ಟ ದುಡ್ಡು ಸಾರ್ಥಕ. ನಮ್ಮದು 25 ಸಾವಿರ ಲೀಟರಿನ ಕೊಳ, ಐದು ಟ್ಯಾಂಕರ್ ನೀರೂ ಉಳಿಯಿತು.

ಕೈಕೆಲಸ ಅಚ್ಚುಕಟ್ಟು. ಏಣಿಯ ಹಿಂದೆ, ಮೂಲೆ ಮೂಲೆಯಲ್ಲಿ ಬ್ರಷ್ ಹಾಕಿ ತಿಕ್ಕಿದರು. ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8 ಇತ್ತು, ಹಾಗಿದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ಆಸಿಡ್ ಹಾಕಿ 7.4ಕ್ಕೆ ತಂದರು. ಕ್ಲೋರಿನ್ ಹಾಕಿದ್ದು ಸಂಜೆ, ಹಗಲು ಹಾಕಿದರೆ ಬಿಸಿಲೇ ತಿಂದುಬಿಡುತ್ತದೆ. ಪಾಚಿ ಔಷಧಿ ಮರುದಿನ.

ಎಡವಟ್ಟಾಗಿದ್ದು ಕೊನೆಗೆ. ಮರಳಿನ ಫಿಲ್ಟರ್ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಉಲ್ಟಾ ಹರಿಸಿ ಕೊಳೆಯನ್ನು ಗಟಾರಿಗೆ ಬಿಟ್ಟು, ವಾಲ್ವಿನ ಹಿಡಿಕೆಯನ್ನು ಮತ್ತೆ ಫಿಲ್ಟರ್ ಕಡೆ ತಿರುಗಿಸದೆ ಹಾಗೇ ಬಿಟ್ಟು ಹೋಗಿದ್ದರು. ಬೆಳಿಗ್ಗೆ ನಾನು ಪಂಪ್ ಚಾಲೂ ಮಾಡಿ ಚಹಾ ಕುಡಿಯುತ್ತಾ ಕೂತೆ. ಪಂಪ್ ಗೊರಗೊರ ಅಂದಾಗ ಓಡಿ ಬಂದರೆ, ನೀರು ಸ್ಕಿಮ್ಮರ್ (ಮೇಲೆ ತೇಲುವ ಕಸ ಎಳೆದುಕೊಳ್ಳುವ ಗೋಡೆಯ ಕಿಂಡಿ) ಬಾಯಿಗಿಂತ ಕೆಳಗೆ! ಅರ್ಧ ಅಡಿ ನೀರು ಗಟಾರು ಸೇರಿತ್ತು. ಫೋನ್ ಮಾಡಿದ ಅರ್ಧ ಗಂಟೆಗೆ ಬಂದು ಸರಿಮಾಡಿದರು, ನಿಜ. ಟ್ಯಾಂಕರ್ ದುಡ್ಡಿನ ಮಾತು ಮಾತ್ರ ಎತ್ತಲಿಲ್ಲ. ನಾನೂ ಸಂಕೋಚಕ್ಕೆ ಕೇಳಲಿಲ್ಲ, ಮನೆಯವಳು ಇನ್ನೂ ಅದನ್ನೇ ಆಡಿಕೊಳ್ಳುತ್ತಾಳೆ.

ಹೊದಿಸಲು ಅವರು ಕೊಟ್ಟ ತಾಡಪತ್ರಿ ಬೇಡವೇ ಬೇಡ. ನಡುವೆ ಜೋತುಬಿದ್ದು ಮಾವಿನೆಲೆ ಎಲ್ಲಾ ಅಲ್ಲೇ ಕೊಳೆಯುತ್ತದೆ. ನಾನು ನರ್ಸರಿಯವರು ಕಟ್ಟುವ ಹಸಿರು ಬಲೆ ತಂದು ಬಿಗಿಯಾಗಿ ಕಟ್ಟಿಸಿದೆ, ಎರಡು ದಿನಕ್ಕೊಮ್ಮೆ ಕೊಡವಿದರೆ ಸಾಕು. ಪಂಪ್ ದಿನಾ ಎರಡು ತಾಸು ಓಡುತ್ತದೆ. ಈಗ ತಿಂಗಳಾಯಿತು, ತಳದ ಟೈಲ್ಸಿನ ಗೆರೆ ಕಾಣುತ್ತಿದೆ.

ಐದಕ್ಕೆ ಮೂರೂವರೆ. ಶಿವರಾತ್ರಿಗೆ ಕೊಳ ತೆರೆಯಲೂ ಇವರನ್ನೇ ಕರೆಯುತ್ತೇನೆ. ಅವರು ಹೊರಡುವ ಮುಂಚೆ ಆ ಹಿಡಿಕೆ ಎತ್ತ ತಿರುಗಿದೆ ಅಂತ ನಾನೇ ಬಗ್ಗಿ ನೋಡುತ್ತೇನೆ.