ಇಂಟರ್‌ನೆಟ್ ತೆಗೆದರೆ ಬಾಯಿ ಮುಚ್ಚುವ ಮ್ಯೂಸಿಕ್ ಪ್ಲೇಯರ್ ಕೊಳ್ಳಬೇಡಿ

ಮನೆಯ ಎಲ್ಲಾ ಕೋಣೆಯಲ್ಲೂ ಹಾಡು ಕೇಳಬೇಕು ಅಂತ ವೈಫೈ ಪ್ಲೇಯರ್ ತರುವ ಯೋಚನೆ ಇದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ. ನಮ್ಮ ಮನೆಯಲ್ಲಿ ಮೂರು ಪ್ಲೇಯರ್ ಸುಮ್ನೆ ಬಿದ್ದಿವೆ. ಯಾವುದೂ ಕೆಟ್ಟಿಲ್ಲ. ಸ್ಪೀಕರ್ ಚೆನ್ನಾಗಿದೆ, ವೈಫೈ ಚೆನ್ನಾಗಿದೆ, ಹಾಡುಗಳೆಲ್ಲ ಮನೆಯ ಹಾರ್ಡ್ ಡಿಸ್ಕ್‌ನಲ್ಲೇ ಇವೆ. ಆದರೂ ಒಂದು ಹಾಡೂ ಬರುವುದಿಲ್ಲ. ಮಾಡಿದ ಕಂಪನಿ ತನ್ನ ಸರ್ವರ್ ಮುಚ್ಚಿದೆ, ಅಷ್ಟೇ ಕಾರಣ.

ನಮ್ಮದು ಕಲಬುರಗಿಯ ಬ್ರಹ್ಮಪುರದ ಕಡೆ ಹಳೇ ಮನೆ. ದಪ್ಪ ಕಲ್ಲಿನ ಗೋಡೆ. ಬೇಸಿಗೆಯಲ್ಲಿ ತಂಪಾಗಿರುತ್ತದೆ, ಆದರೆ ಬ್ಲೂಟೂತ್ ಒಂದು ಕೋಣೆ ದಾಟುವುದಿಲ್ಲ. ಅಪ್ಪ ವರ್ಷಗಟ್ಟಲೆ ಕೂಡಿಟ್ಟ ಕ್ಯಾಸೆಟ್‌ಗಳಿದ್ದವು. ತತ್ವಪದ, ವಚನ, ಮೊಹರಂ ಹಬ್ಬದ ರಿವಾಯತ್ ಪದ, ಶ್ರಾವಣದಲ್ಲಿ ನಮ್ಮ ಓಣಿಯ ಭಜನೆಯವರು ಹಾಡಿದ್ದನ್ನು ಅಪ್ಪನೇ ಟೇಪಿನಲ್ಲಿ ಹಿಡಿದಿದ್ದು. ಹಾಡಿದವರಲ್ಲಿ ಎಷ್ಟೋ ಜನ ಈಗಿಲ್ಲ, ಆ ದನಿ ಬೇರೆ ಎಲ್ಲೂ ಸಿಗುವುದೂ ಇಲ್ಲ. ತಮ್ಮ ಕೂತು ಅಷ್ಟನ್ನೂ ಫ್ಲ್ಯಾಕ್ ಫೈಲ್ ಮಾಡಿದ. ಸಿಡಿ ಗುಣಮಟ್ಟದ ಒಂದು ಗಂಟೆ ಹಾಡು ಕುಗ್ಗಿಸದ ವೇವ್ ಫೈಲ್‌ನಲ್ಲಿ ಸುಮಾರು 600 ಎಂಬಿ ಆಗುತ್ತದೆ, ಫ್ಲ್ಯಾಕ್‌ನಲ್ಲಿ ಹೆಚ್ಚೂಕಡಿಮೆ ಅದರ ಅರ್ಧ, ದನಿ ಮಾತ್ರ ಸ್ವಲ್ಪವೂ ಕಡಿಮೆಯಾಗುವುದಿಲ್ಲ.

ಅಂಗಡಿಯವರು ಹೇಳಿದ್ದು ಇಷ್ಟು: ಫೈಲ್ ಒಂದೇ ಕಡೆ ಇಡಿ, ಪಡಸಾಲೆ, ಅಡುಗೆಮನೆ, ಮೇಲಿನ ಕೋಣೆ, ಎಲ್ಲಾ ಕಡೆ ಒಟ್ಟಿಗೇ ಕೇಳಿಸುತ್ತದೆ. ಕೇಳಿಸಿತು ಕೂಡ. ಅವ್ವ ಅಡುಗೆ ಮಾಡುತ್ತಾ ವಚನ ಕೇಳುತ್ತಿದ್ದರು, ಅಪ್ಪ ಫೋನಿನ ಆ್ಯಪ್‌ನಲ್ಲಿ ಹಬ್ಬಕ್ಕೊಂದು, ವಾರಕ್ಕೊಂದು ಅಂತ ಹಾಡಿನ ಪಟ್ಟಿ ಮಾಡಿಟ್ಟಿದ್ದರು.

ಆಮೇಲೆ ಕಂಪನಿಯಿಂದ ಇಂಗ್ಲಿಷ್‌ನಲ್ಲಿ ಒಂದು ಇಮೇಲ್ ಬಂತು, ಸೇವೆ ನಿಲ್ಲಿಸುತ್ತೇವೆ ಅಂತ. ಆನ್‌ಲೈನ್ ಹಾಡುಗಳ ವಿಷಯ ಇರಬೇಕು ಅನ್ನಿಸುವ ಹಾಗೆ ಬರೆದಿದ್ದರು. ಮನೆಯೊಳಗಿನ ಫೈಲ್ ಕೂಡ ನುಡಿಯುವುದಿಲ್ಲ ಅಂತ ಅದರಲ್ಲಿ ಎಲ್ಲೂ ಬಿಡಿಸಿ ಹೇಳಿರಲಿಲ್ಲ. ಅವರು ಹೇಳಿದ ತಾರೀಕು ದಾಟಿದ ಮೇಲೂ ಮೂರೂ ನಡೆಯುತ್ತಿದ್ದವು. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಮೇಲಿನ ಕೋಣೆಯದು ಮತ್ತೆ ಚಾಲೂ ಆಗಲೇ ಇಲ್ಲ, ಕೆಂಪು ದೀಪ ಮಿನುಗುತ್ತಾ ನಿಂತುಬಿಟ್ಟಿತು. ಇನ್ವರ್ಟರ್ ಮೇಲಿದ್ದ ಅಡುಗೆಮನೆಯದು ಮಾತ್ರ ಇನ್ನೂ ಕೆಲವು ದಿನ ಹಾಡಿತು. ವಿಷಯ ಏನಂದರೆ, ಈ ಪ್ಲೇಯರ್ ಪ್ರತಿ ಸಲ ಆನ್ ಆದಾಗ ಕಂಪನಿಯ ಸರ್ವರ್‌ಗೆ ಹೋಗಿ ನಮ್ಮ ಅಕೌಂಟ್ ಸರಿ ಇದೆಯಾ ಅಂತ ಕೇಳುತ್ತದೆ, ಅಲ್ಲಿಂದ ಹೂಂ ಅಂತ ಬಂದ ಮೇಲೆಯೇ ಪಕ್ಕದ ಕೋಣೆಯಲ್ಲಿರುವ ಹಾರ್ಡ್ ಡಿಸ್ಕ್‌ನ ಕಡೆ ನೋಡುತ್ತದೆ.

ಅಂಗಡಿಗೆ ಫೋನ್ ಮಾಡಿದೆವು. ‘ರಿಸೆಟ್ ಒತ್ರಿ, ಸರಿ ಆಗ್ತದ’ ಅಂದ ಅಲ್ಲಿನ ಹುಡುಗ. ದಯವಿಟ್ಟು ಇದನ್ನು ಮಾತ್ರ ಮಾಡಬೇಡಿ. ರಿಸೆಟ್ ಆದಾಗ ಅದರೊಳಗಿದ್ದ ವೈಫೈ ಪಾಸ್‌ವರ್ಡ್, ಅಕೌಂಟ್ ಎಲ್ಲಾ ಅಳಿಸಿಹೋಯಿತು, ಹೊಸದಾಗಿ ಹಾಕಬೇಕೆಂದರೆ ಆ್ಯಪ್ ಬೇಕು, ಆ್ಯಪ್‌ಗೆ ಲಾಗಿನ್ ಬೇಕು, ಲಾಗಿನ್ ಮಾಡಿಸುವ ಸರ್ವರೇ ಇಲ್ಲ. ಖುದ್ದು ಹೋಗಿ ಕೇಳಿದರೆ ‘ಕಂಪನಿಯವರೇ ಬಂದ್ ಮಾಡ್ಯಾರ್ರೀ, ನಾವೇನ್ ಮಾಡೋಣ’ ಅಂದರು. ಕಂಪನಿಗೆ ಬರೆದರೆ ಬಂದ ಉತ್ತರ ಹೊಸ ಮಾಡೆಲ್ ಮೇಲೆ ರಿಯಾಯಿತಿ ಇದೆ ಅಂತ. ಅವ್ವ ಕೇಳಿದ್ದೇ ಸರಿಯಾದ ಪ್ರಶ್ನೆ: ‘ಹಾಡು ನಮ್ಮ ಮನ್ಯಾಗ ಅದಾವ, ಡಬ್ಬಿಗೆ ರೊಕ್ಕ ಕೊಟ್ಟೇವಿ, ಮತ್ತ ಅವರನ್ನ ಯಾಕ ಕೇಳಬೇಕು?’

ಕೇಳಲೇಬೇಕು ಅಂತ ತಂತ್ರಜ್ಞಾನದಲ್ಲಿ ಏನೂ ಇಲ್ಲ. ಡಿಎಲ್‌ಎನ್‌ಎ ಅನ್ನುವ ಪದ್ಧತಿ, ಅಂದರೆ ಒಂದೇ ವೈಫೈನಲ್ಲಿರುವ ಯಂತ್ರಗಳು ಹಾಡು, ವಿಡಿಯೋ ಹಂಚಿಕೊಳ್ಳುವ ವಿಧಾನ, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದೆ. ಅದನ್ನು ನಡೆಸುತ್ತಿದ್ದ ಸಂಸ್ಥೆಯನ್ನೇ 2017ರಲ್ಲಿ ಮುಚ್ಚಿದರು, ಆದರೂ ಆ ಪದ್ಧತಿಯ ಟಿವಿ, ಪ್ಲೇಯರ್‌ಗಳು ಈಗಲೂ ನಡೆಯುತ್ತಿವೆ, ಯಾಕೆಂದರೆ ಅವು ಮನೆಯ ವೈಫೈ ಒಳಗೇ ಒಂದನ್ನೊಂದು ಹುಡುಕಿಕೊಳ್ಳುತ್ತವೆ. (ಎಲ್ಲಾ ಕೋಣೆಯಲ್ಲಿ ಒಂದೇ ತಾಳಕ್ಕೆ ನುಡಿಯುತ್ತವೆ ಅನ್ನುವ ಭರವಸೆ ಮಾತ್ರ ಇದರಲ್ಲಿ ಇಲ್ಲ, ಒಂದು ಸ್ವಲ್ಪ ಹಿಂದೆ ಬೀಳಬಹುದು.) ಲಾಜಿಟೆಕ್‌ನವರು ಸ್ಕ್ವೀಜ್‌ಬಾಕ್ಸ್ ಪ್ಲೇಯರ್ ಮಾಡುವುದನ್ನು 2012ರಲ್ಲೇ ಬಿಟ್ಟರು, ಅದರ ಆನ್‌ಲೈನ್ ಸೇವೆಯನ್ನೂ 2024ರಲ್ಲಿ ಮುಚ್ಚಿದರು. ಆದರೆ ಮನೆಯ ಕಂಪ್ಯೂಟರಿನಿಂದಲೇ ಪ್ಲೇಯರ್‌ಗೆ ಹಾಡು ಕಳಿಸುವ ಅದರ ಸರ್ವರ್ ತಂತ್ರಾಂಶ ಯಾರು ಬೇಕಾದರೂ ತಿದ್ದಿ ಬಳಸುವಂತೆ ತೆರೆದದ್ದು, ಬಳಕೆದಾರರೇ ಅದನ್ನು ಲಿರಿಯನ್ ಮ್ಯೂಸಿಕ್ ಸರ್ವರ್ ಅನ್ನುವ ಹೆಸರಲ್ಲಿ ಮುಂದುವರಿಸಿದ್ದಾರೆ. ಹಳೇ ಸ್ಕ್ವೀಜ್‌ಬಾಕ್ಸ್ ಇಟ್ಟುಕೊಂಡವರ ಮನೆಯಲ್ಲಿ ಅದು ಇವತ್ತಿಗೂ ಹಾಡುತ್ತದೆ. ಕಂಪನಿ ಮನಸ್ಸು ಮಾಡಿದರೆ ಆಗುವ ಕೆಲಸ ಇದು, ಅದಕ್ಕೇ ನನಗೆ ಸಿಟ್ಟು ಜಾಸ್ತಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಿಸಿ. ಪ್ಲೇಯರನ್ನು ಅವರ ವೈಫೈಗೆ ಜೋಡಿಸಿ, ರೂಟರ್‌ಗೆ ಹೊರಗಿನಿಂದ ಬರುವ ಇಂಟರ್‌ನೆಟ್ ವೈರನ್ನಷ್ಟೇ ತೆಗೆಸಿ, ವೈಫೈ ಹಾಗೇ ಇರಲಿ. ಈಗ ಪ್ಲೇಯರನ್ನು ಪ್ಲಗ್‌ನಿಂದಲೇ ಆಫ್ ಮಾಡಿ ಮತ್ತೆ ಆನ್ ಮಾಡಿ, ಲ್ಯಾಪ್‌ಟಾಪ್‌ನಲ್ಲಿರುವ ಒಂದು ಹಾಡು ಹಾಕಿಸಿ. ಬಂದರೆ, ರಿಸೆಟ್ ಮಾಡಿ ಇಂಟರ್‌ನೆಟ್ ಇಲ್ಲದೆಯೇ ಮೊದಲಿನಿಂದ ಸೆಟಪ್ ಮಾಡಿ ತೋರಿಸಿ ಅನ್ನಿ. ತೋರಿಸಲು ಒಪ್ಪದಿದ್ದರೆ ಎದ್ದು ಬನ್ನಿ. ಹಿಂದೆ ಫೋನಿನಿಂದ ವೈರ್ ಚುಚ್ಚುವ ಆಕ್ಸ್ ತೂತು ಇದೆಯಾ ಅಂತಲೂ ನೋಡಿ. ನಮ್ಮ ಮೂರರಲ್ಲಿ ಒಂದಕ್ಕೂ ಇಲ್ಲ, ಇದ್ದಿದ್ದರೆ ಕಡೇಪಕ್ಷ ವೈರ್ ಹಾಕಿ ಸ್ಪೀಕರ್ ಆಗಿಯಾದರೂ ಬಳಸಬಹುದಿತ್ತು.

ಪ್ಲೇಯರ್ ಬಂದ ಡಬ್ಬಿಯ ಮೇಲೆ ಅಕೌಂಟ್ ಕಡ್ಡಾಯ ಅಂತ ಎಲ್ಲೂ ಬರೆದಿಲ್ಲ. ಬಿಲ್ಲು, ಡಬ್ಬಿ, ಆ ಇಮೇಲ್ ಮೂರೂ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ಸರಿಹೋಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ತೊಂದರೆ ಆದ 2 ವರ್ಷದೊಳಗೆ ಅಲ್ಲಿ ದೂರು ಕೊಡಬೇಕು, ತಡ ಮಾಡಬೇಡಿ.

ಸದ್ಯ ನನ್ನ ತಮ್ಮ ಒಂದು ಹಳೇ ಲ್ಯಾಪ್‌ಟಾಪ್‌ನಲ್ಲಿ ಲಿರಿಯನ್ ಹಾಕಿದ್ದಾನೆ, ಅಡುಗೆಮನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿಗೆ ಮಾಮೂಲಿ ಸ್ಪೀಕರ್ ಜೋಡಿಸಿದ್ದಾನೆ. ಹಾಡು ಬಂದಿವೆ. ಅಪ್ಪನ ಪಟ್ಟಿಗಳು ಬಂದಿಲ್ಲ. ಅವು ಫೈಲ್ ಜೊತೆ ಇರಲಿಲ್ಲ, ಕಂಪನಿಯ ಸರ್ವರ್‌ನಲ್ಲಿದ್ದವು, ಅದರ ಜೊತೆಗೇ ಹೋದವು. ನನಗೆ ಪ್ಲೇಯರ್‌ನ ದುಡ್ಡಿಗಿಂತ ಹೊಟ್ಟೆ ಉರಿಯುವುದು ಇದಕ್ಕೇ.

ಹಾಗಾಗಿ ನಿಮ್ಮ ಪ್ಲೇಯರ್‌ನ ಕಂಪನಿಯಿಂದ ಸೇವೆ ನಿಲ್ಲಿಸುವ ಸುದ್ದಿ ಬಂದಿದ್ದರೆ, ಇವತ್ತೇ ಆ್ಯಪ್ ತೆರೆದು ಪಟ್ಟಿಗಳನ್ನು ಎಂ3ಯು8 ಫೈಲ್ ಆಗಿ ಹೊರಗೆ ತೆಗೆಯಲು ಬರುತ್ತದಾ ನೋಡಿ. ಅದು ಬರೀ ಅಕ್ಷರದ ಫೈಲ್, ಕನ್ನಡದ ಹೆಸರುಗಳೂ ಕೆಡುವುದಿಲ್ಲ, ಬೇರೆ ತಂತ್ರಾಂಶದಲ್ಲೂ ತೆರೆಯುತ್ತದೆ. ಬರದಿದ್ದರೆ ಪಟ್ಟಿ ಪಟ್ಟಿಗೂ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಅಲ್ಲಿಯವರೆಗೆ ಪ್ಲೇಯರ್ ಆಫ್ ಮಾಡಬೇಡಿ, ಸಾಧ್ಯವಾದರೆ ಇನ್ವರ್ಟರ್ ಲೈನಿಗೆ ಹಾಕಿಡಿ.